ಹನ್ನೆರಡನೇ ಅಡ್ಡರಸ್ತೆಯ ಕರೆ

"ಟವರ್ ಹತ್ತುವಾಗ ಜಾರಿ ಬಿದ್ದರು ಅಂತ ಪೊಲೀಸ್ನೋರು ಹೇಳ್ತಾರೆ. ನಮ್ಮಪ್ಪ ಜಾರೋ ಮನುಷ್ಯ ಅಲ್ಲ, ಅಕ್ಕ. ನೀವೇ ನೋಡಬೇಕು."

ಹೀಗೆಂದ ಹುಡುಗಿ ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಅತ್ತು ಮುಗಿದ ಕಣ್ಣುಗಳು ಒಣಗಿದ್ದವು. ಅವಳು ಆಂಬುಲೆನ್ಸ್ ಸಂಘದ ಕಂಟ್ರೋಲ್ ರೂಮಿನಲ್ಲಿ ಕೂತು, ಬಂದ ಕರೆಗಳನ್ನು ರೇಡಿಯೋ ಸೆಟ್ಟಿನಲ್ಲಿ ಡ್ರೈವರುಗಳಿಗೆ ತಿಳಿಸುವವಳು. ಒಂದೊಂದು ಮಾತನ್ನೂ ಬಿಡಿಸಿ, ಸ್ಪಷ್ಟವಾಗಿ ಆಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಬಿಸಿಲು ಅವಳ ಮುಖಕ್ಕೆ ಹೊಡೆಯುತ್ತಿತ್ತು. ಮನೆಯೊಡತಿ ಅಕ್ಕ ಎದ್ದು ಪರದೆಯನ್ನು ಅರ್ಧ ಎಳೆದು ಬಂದು ಕೂತಳು. ಅಕ್ಕನ ಜೊತೆಗಿದ್ದ ಅವಳ ತಂಗಿ ನೀರಿನ ಲೋಟವನ್ನು ಹುಡುಗಿಯ ಹತ್ತಿರಕ್ಕೆ ಸರಿಸಿದಳು. ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ವೈದ್ಯೆಯಾಗಿ ಜೀವಮಾನ ಕಳೆದವಳು ಅವಳು. ಎದುರಿಗಿರುವವರ ಉಸಿರಾಟ ನೋಡಿಯೇ ಅವರಿಗೆ ಎಷ್ಟು ನೋವಿದೆಯೆಂದು ಅಂದಾಜು ಮಾಡುತ್ತಿದ್ದಳು. ನಿವೃತ್ತಿಯಾದ ಮೇಲೆ ಅಕ್ಕನ ಮನೆಗೆ ಬಂದು ಸೇರಿದ್ದಳು. ಬಂದದ್ದು ವಿಶ್ರಾಂತಿಗೆ. ಸಿಕ್ಕಿದ್ದು ಮಾತ್ರ ಅಕ್ಕನಿಗೆ ಕಾರು ಓಡಿಸುವ ಕೆಲಸ.

ಅಕ್ಕನ ಹಳೆಯ ಉದ್ಯೋಗ ವಿಚಿತ್ರವಾದದ್ದು. ರೇಡಿಯೋ ಅಲೆಗಳನ್ನು ಸರಕಾರ ಭಾಗ ಮಾಡಿ ಹರಾಜು ಹಾಕುತ್ತದೆ. ಕೊಂಡವರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಮಾರಬಹುದು, ಬಾಡಿಗೆಗೂ ಕೊಡಬಹುದು, ಥೇಟ್ ಸೈಟಿನ ಹಾಗೆ. ಆದರೆ ಈ ಸೈಟಿಗೆ ಬೇಲಿ ಕಾಣುವುದಿಲ್ಲ. ಆ ಮರುಮಾರಾಟದ ಜಗಳಗಳನ್ನು ವಿಚಾರಣೆ ಮಾಡಿ ತೀರ್ಮಾನ ಕೊಡುತ್ತಿದ್ದವಳು ಅಕ್ಕ. ಅಲ್ಲಿಂದಲೇ ಅವಳಿಗೆ ಸುಳ್ಳು ಹಿಡಿಯುವ ಚಟ ಹತ್ತಿದ್ದು. ನಿವೃತ್ತಿಯಾದರೂ ಚಟ ಬಿಟ್ಟಿರಲಿಲ್ಲ. ಠಾಣೆಯ ಇನ್ಸ್‌ಪೆಕ್ಟರ್ ಕೂಡ ಕಷ್ಟ ಬಂದಾಗ ಇದೇ ಮನೆಯ ಮೆಟ್ಟಿಲು ಹತ್ತುತ್ತಿದ್ದ.

"ಮೊದಲಿಂದ ಹೇಳು ಮಗಳೇ," ಎಂದಳು ಅಕ್ಕ.

ಹುಡುಗಿಯ ಅಪ್ಪ ಮತ್ತು ಚಿಕ್ಕಪ್ಪ ಹಿಂದೆ ಟ್ಯಾಕ್ಸಿ ಕಂಪನಿ ನಡೆಸುತ್ತಿದ್ದರು. ಟ್ಯಾಕ್ಸಿಗಳಿಗಾಗಿ ಕೊಂಡ ರೇಡಿಯೋ ಚಾನೆಲ್ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿತ್ತು. ಕಂಪನಿ ಮುಚ್ಚಿದ ಮೇಲೆ ಅಪ್ಪ ಅದನ್ನು ಆಂಬುಲೆನ್ಸ್ ಸಂಘಕ್ಕೆ ಬಿಟ್ಟುಕೊಟ್ಟು, ತಾನೇ ಟವರ್ ನೋಡಿಕೊಂಡಿದ್ದ. ಡ್ರೈವರುಗಳೆಲ್ಲ ಅವನನ್ನು ಕರೆಯುತ್ತಿದ್ದದ್ದು ಟವರ್ ಮಾಮ ಎಂದು. ಈಗ ಒಂದು ಫೋನ್ ಕಂಪನಿ ಆ ಚಾನೆಲ್ ಬೇಕೆಂದು ದಲ್ಲಾಳಿಯ ಮೂಲಕ ಕೇಳುತ್ತಿತ್ತು. ಚಿಕ್ಕಪ್ಪ ಒಪ್ಪಿದ್ದ. ಅಪ್ಪ ಒಪ್ಪಿರಲಿಲ್ಲ.

"ಜಗಳ ಆಗಿತ್ತಾ?"

"ಜೋರಾಗೇ ಆಗಿತ್ತು. ಆದ್ರೆ ಅಪ್ಪನ ತಲೇಲಿ ಇದ್ದದ್ದು ಅದಲ್ಲ." ಹುಡುಗಿ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟಳು. "ಹೋದ ತಿಂಗಳು ಒಂದು ಮಗು ಹೋಯ್ತು. ಉಬ್ಬಸ. ಕಂಟೇನರ್ ಯಾರ್ಡ್ ಹಿಂದಿನ ಬಡಾವಣೆ, ಹನ್ನೆರಡನೇ ಅಡ್ಡರಸ್ತೆ. ನಾನು ಹನ್ನೆರಡು ಅಂತಾನೇ ಹೇಳ್ದೆ. ಗಾಡಿ ಎರಡನೇ ಅಡ್ಡರಸ್ತೆಗೆ ಹೋಯ್ತು. ಡ್ರೈವರ್, ಜೋರು ದನಿಗೆ ಹಾರ್ನಣ್ಣ ಅಂತೀವಿ, 'ನೀನು ಎರಡು ಅಂತ ಹೇಳಿದ್ದು, ನನ್ನ ಕಿವಿ ಸುಳ್ಳು ಹೇಳಲ್ಲ' ಅಂತಾನೆ. ಮಾತು ರೆಕಾರ್ಡ್ ಮಾಡೋ ವ್ಯವಸ್ಥೆ ನಮ್ಮಲ್ಲಿಲ್ಲ. ತಪ್ಪು ನಂದೇ ಅಂತ ತೀರ್ಮಾನ ಆಯ್ತು. ಮಾಸಾಂತ್ಯಕ್ಕೆ ಕೆಲಸ ಬಿಡಬೇಕು."

"ನಿಮ್ಮಪ್ಪ ಏನಂದ್ರು?"

"'ನನ್ನ ಮಗಳು ಅಂಥಾ ತಪ್ಪು ಮಾಡೋದಿಲ್ಲ, ಆ ಬಡಾವಣೆ ಕಡೆ ಏನೋ ಗದ್ದಲ ಇದೆ, ಹುಡುಕ್ತೀನಿ' ಅಂದ್ರು. ಅಲೆಗಳನ್ನ ಅಳೆಯೋ ಮೀಟರ್ ಹಿಡ್ಕೊಂಡು ಊರೆಲ್ಲ ತಿರುಗಿದ್ರು. ಅವತ್ತು ಬೆಳಿಗ್ಗೆ ನನ್ನ ಹತ್ರ ಬಂದು, 'ಸ್ವಲ್ಪ ಹೊತ್ತು ಟವರ್ ಆರಿಸ್ತೀನಿ, ಡ್ರೈವರುಗಳಿಗೆ ಫೋನ್ ಮಾಡ್ತಾ ಇರು, ನನ್ನನ್ನ ಕರೀಬೇಡ' ಅಂತ ಹೇಳಿ ಮೇಲೆ ಹೋದ್ರು. ಸೆಟ್ಟು ಮೂಕ ಆಯ್ತು. ಮಧ್ಯಾಹ್ನ ಕಳೆದರೂ ಹಾಗೇ ಇತ್ತು. ಹಾರ್ನಣ್ಣ, 'ಮಾಮ ಏನ್ ಮಾಡ್ತಾ ಇದಾರೆ' ಅಂತ ನೋಡೋಕೆ ಹೋದವನು ಹಿಂದಿನ ಓಣೀಲಿ ಅಪ್ಪ ಬಿದ್ದಿರೋದನ್ನ ನೋಡ್ದ." ಅವಳು ಲೋಟವನ್ನು ದೂರ ಸರಿಸಿದಳು. "ಟವರ್ ಯಂತ್ರ ಹಚ್ಚೋ ಕೀ ಅಪ್ಪನ ಜೇಬಲ್ಲೇ ಇತ್ತಂತೆ. ಸಾಯಂಕಾಲ ಪೊಲೀಸ್ನೋರು ಅದನ್ನ ಕೊಟ್ಟ ಮೇಲೆ ಹಾರ್ನಣ್ಣ ಟವರ್ ಹಚ್ಚಿದ. ನಾನು ಅದೇ ಕಟ್ಟಡದಲ್ಲಿ, ಕೆಳಗೇ ಕೂತಿದ್ದೆ ಅಕ್ಕ. ನನಗೆ ಗೊತ್ತಾಗ್ಲಿಲ್ಲ."

ತಂಗಿ ಅವಳ ಕೈ ಹಿಡಿದುಕೊಂಡಳು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಮೀಟರ್ ಎಲ್ಲಿದೆ?"

"ಸಿಗಲೇ ಇಲ್ಲ."

ಆ ಕಟ್ಟಡ ಹಿಂದೆ ಧಾನ್ಯದ ಗೋದಾಮಾಗಿತ್ತು. ನೆಲಮಹಡಿಯಲ್ಲಿ ಕಂಟ್ರೋಲ್ ರೂಮು, ಮುಂದೆ ಆಂಬುಲೆನ್ಸುಗಳು. ಮೇಲಿನ ಮಹಡಿಗಳೆಲ್ಲ ಖಾಲಿ. ತಾರಸಿಗೆ ಹೋಗುವ ಮೆಟ್ಟಿಲು ಹಿಂದಿನ ಓಣಿಯಿಂದ. ಓಣಿಯಲ್ಲಿ ಜನಸಂಚಾರವೇ ಇರಲಿಲ್ಲ. ಒಡೆದ ಹಲಗೆಗಳ ರಾಶಿ, ಗೋಡೆಗೆ ಪಾಚಿ. ಇನ್ಸ್‌ಪೆಕ್ಟರ್ ಅವರನ್ನು ಮೇಲೆ ಕರೆದುಕೊಂಡು ಹೋದ. ತಾರಸಿಯ ನಡುವೆ ಕಬ್ಬಿಣದ ಟವರ್, ಪಕ್ಕದಲ್ಲಿ ಯಂತ್ರವಿಟ್ಟ ಸಣ್ಣ ಕೋಣೆ, ಸುತ್ತಲೂ ಮೊಣಕಾಲೆತ್ತರದ ಕಟ್ಟೆ.

"ಸೊಂಟದ ಬೆಲ್ಟ್ ಹಾಕ್ಕೊಳ್ಳದೆ ಹತ್ತಿದಾರೆ. ನೋಡಿ, ಅಲ್ಲೇ ನೇತಾಡ್ತಾ ಇದೆ," ಎಂದ ಇನ್ಸ್‌ಪೆಕ್ಟರ್. ಕೋಣೆಯ ಗೂಟದಲ್ಲಿ ದಪ್ಪ ಬೆಲ್ಟ್ ತೂಗಾಡುತ್ತಿತ್ತು. "ವಯಸ್ಸಾದೋರು. ಮಗಳ ಚಿಂತೆ ಬೇರೆ."

ಜೊತೆಗೆ ಬಂದಿದ್ದ ಡ್ರೈವರ್ ಹಾರ್ನ್ ತಲೆ ಅಲ್ಲಾಡಿಸಿದ. ಭಾರಿ ಆಳು, ಆದರೆ ದನಿ ಮಾತ್ರ ಆವತ್ತು ಕುಗ್ಗಿತ್ತು. "ಬೆಲ್ಟ್ ಇಲ್ದೆ ಮಾಮ ಒಂದು ಹೆಜ್ಜೆ ಇಡ್ತಿರಲಿಲ್ಲ. ನಮಗೂ ಬೈತಿದ್ರು."

"ನಿನ್ನ ಮೇಲೂ ಕೋಪ ಇತ್ತಂತಲ್ಲ ಅವರಿಗೆ?" ಅಕ್ಕ ಕೇಳಿದಳು.

"ಇತ್ತು. ನನ್ನ ಕಿವಿ ತೊಳ್ಕೊಂಡು ಬಾ ಅಂದ್ರು. ನಾನೂ ನಾಲ್ಕು ಮಾತಾಡ್ದೆ." ಅವನು ಕಟ್ಟೆಯ ಕಡೆ ನೋಡಲಿಲ್ಲ. "ಅವತ್ತು ಬೆಳಿಗ್ಗೆಯಿಂದ ಆಸ್ಪತ್ರೇಲಿದ್ದೆ ಅಮ್ಮ. ಒಬ್ಬ ಗಾಯಾಳು ಜೊತೆ. ಡಾಕ್ಟರನ್ನ ಕೇಳಿ."

ಕೇಳಿಯಾಗಿದೆ, ನಿಜ ಎಂಬಂತೆ ಇನ್ಸ್‌ಪೆಕ್ಟರ್ ಕಣ್ಣಲ್ಲೇ ಸೂಚಿಸಿದ.

ಠಾಣೆಯಲ್ಲಿ ಸತ್ತವನ ವಸ್ತುಗಳಿದ್ದ ಚೀಲ ತೆಗೆದಾಗ ತಂಗಿಯ ಕಣ್ಣು ಬಿದ್ದದ್ದು ಮುರಿದ ಕನ್ನಡಕದ ಮೇಲೆ. ಮೂಗಿನ ಮೇಲೆ ಅದು ಒತ್ತಿದ ಗಾಯವಿತ್ತೆಂದು ಶವಪರೀಕ್ಷೆಯಲ್ಲೂ ಬರೆದಿದ್ದರು. ಅಂದರೆ ಬೀಳುವಾಗ ಹಾಕಿಕೊಂಡೇ ಇದ್ದ. ಉಳಿದಿದ್ದ ಒಂದು ಗಾಜನ್ನು ಅವಳು ಕಣ್ಣಿಗೆ ಹಿಡಿದಳು. ಮೇಜಿನ ಮೇಲಿನ ಅಕ್ಷರ ದಪ್ಪವಾಗಿ ಕಂಡಿತು. ಕಿಟಕಿಯಾಚೆಯ ರಸ್ತೆ ಪೂರಾ ಮಸುಕಾಯಿತು.

"ಇದು ಓದೋ ಕನ್ನಡಕ, ಅಕ್ಕ. ಇದನ್ನ ಹಾಕ್ಕೊಂಡು ಯಾರಾದ್ರೂ ಟವರ್ ಹತ್ತುತಾರಾ? ಕಾಲಿಡೋ ಮೆಟ್ಟಿಲೇ ಕಾಣಿಸಲ್ಲ."

ಅಕ್ಕ ತಂಗಿಯ ಬೆನ್ನು ತಟ್ಟಿದಳು. ಅವಳ ಹೊಗಳಿಕೆ ಅಷ್ಟೇ, ಯಾವಾಗಲೂ.

ಚಿಕ್ಕಪ್ಪನ ಕಚೇರಿ ಮಾರುಕಟ್ಟೆ ಬೀದಿಯ ಎರಡನೇ ಮಹಡಿಯಲ್ಲಿತ್ತು. ಟ್ಯಾಕ್ಸಿ ಕಂಪನಿ ಮುಚ್ಚಿ ಎಷ್ಟೋ ವರ್ಷವಾದರೂ ಹಳೆಯ ರೇಡಿಯೋ ಸೆಟ್ಟು ಮೇಜಿನ ಮೇಲೇ ಇತ್ತು, ಹಸಿರು ದೀಪ ಉರಿಯುತ್ತಿತ್ತು. ನಡುನಡುವೆ ಯಾವುದೋ ಆಂಬುಲೆನ್ಸಿನ ಮಾತು ಅದರೊಳಗಿಂದ ಬರುತ್ತಿತ್ತು.

"ಅಣ್ಣನ ಜೊತೆ ಮಾತು ಬಿಟ್ಟಿದ್ದೆ," ಎಂದ ಚಿಕ್ಕಪ್ಪ. ಗಡ್ಡ ಬೋಳಿಸಿರಲಿಲ್ಲ. "ಆದ್ರೂ ಇದನ್ನ ಆರಿಸಲಿಲ್ಲ. ಅವನ ದನಿ, ಮಗಳ ದನಿ ಕಿವಿ ಮೇಲೆ ಬೀಳ್ತಾ ಇರಲಿ ಅಂತ."

"ಅವತ್ತು ಎಲ್ಲಿದ್ರಿ?"

"ಇಲ್ಲೇ. ಬೆಳಿಗ್ಗೆ ಒಬ್ಬನೇ. ಆಮೇಲೆ ದಲ್ಲಾಳಿ ಬಂದ್ರು, ಊಟ ಜೊತೇಲೇ ಮಾಡಿದ್ವಿ, ಸುದ್ದಿ ಬರೋ ತನಕ ಇಲ್ಲೇ ಇದ್ರು. ಊಟಕ್ಕೆ ಮುಂಚೆ ಅಣ್ಣನ ಮಾತು ಇದೇ ಸೆಟ್ಟಲ್ಲಿ ಬಂದಿತ್ತು. 'ತಮ್ಮಾ, ಮೇಲಿದ್ದೀನಿ, ಇಳಿದು ಬಂದು ಸಹಿ ವಿಷಯ ಮಾತಾಡೋಣ' ಅಂದನಂತೆ." ಅವನು ಸೆಟ್ಟಿನ ಮೇಲಿನ ಧೂಳು ಒರೆಸಿದ. "ಹುಟ್ಟಿದಾಗಿಂದ ನನ್ನನ್ನ ಗುಂಡ ಅಂತ ಕರೆದವನು. ಕೊನೇ ಸಲ ಮಾತ್ರ ತಮ್ಮಾ ಅಂತ."

ತಂಗಿಗೆ ಅಯ್ಯೋ ಅನ್ನಿಸಿತು. ಅಕ್ಕ ಮಾತ್ರ ಸೆಟ್ಟಿನ ಹಸಿರು ದೀಪವನ್ನೇ ನೋಡುತ್ತಿದ್ದಳು.

ದಲ್ಲಾಳಿಯ ಕಚೇರಿ ಇನ್ನೊಂದು ಲೋಕ. ನುಣ್ಣನೆಯ ಕಲ್ಲಿನ ನೆಲ, ಗೋಡೆ ತುಂಬ ಬಣ್ಣದ ನಕ್ಷೆಗಳು, ಯಾವ ಬಡಾವಣೆಯ ಆಕಾಶ ಯಾರದ್ದು ಎಂದು ತೋರಿಸುವಂಥವು. "ಗಾಳಿ ಮಾರೋನು ಎಷ್ಟು ಗಟ್ಟಿ ನೆಲ ಹಾಕ್ಸಿದಾನೆ ನೋಡು," ಎಂದು ಅಕ್ಕ ಪಿಸುಗುಟ್ಟಿದಳು.

ದಲ್ಲಾಳಿ ಎದ್ದು ನಿಂತು ಬರಮಾಡಿಕೊಂಡ. ಅಕ್ಕನ ಮುಂದೆ ಹಿಂದೆ ಎಷ್ಟೋ ಪ್ರಕರಣಗಳಲ್ಲಿ ಹಾಜರಾದವನು, ವಿನಯದ ಮನುಷ್ಯ. ಸತ್ತವನ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ. "ದೊಡ್ಡ ಮನುಷ್ಯರು. ಮಾರಲ್ಲ ಅಂದ್ರೂ ಗೌರವವಾಗೇ ಅಂದ್ರು. ಅವತ್ತು ಅವರ ತಮ್ಮನ ಕಚೇರೀಲಿ ಕೂತಿದ್ದಾಗ ಅವರ ದನಿ ಕೇಳ್ದೆ. ತಮ್ಮನವರು ಊಟ ತರಿಸೋಕೆ ಅಂತ ಕೆಳಗೆ ಹೋಗಿದ್ರು. ಬಂದ ತಕ್ಷಣ ತಿಳಿಸ್ದೆ. ಅದೇ ಕೊನೇ ಮಾತು ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು!"

"ಅದಕ್ಕೆ ಮುಂಚೆ ಎಲ್ಲಿದ್ರಿ?"

"ದಾರೀಲಿ. ವಾಹನಗಳ ದಟ್ಟಣೆ ನಿಮಗೇ ಗೊತ್ತಲ್ಲ."

ಕಾರಿಗೆ ಬಂದು ಕೂತ ಮೇಲೆ ತಂಗಿ ಕೇಳಿದಳು: "ಹಾಗಾದ್ರೆ ಊಟದ ಹೊತ್ತಿನ ತನಕ ಟವರ್ ಮಾಮ ಬದುಕಿದ್ರು. ಆಮೇಲೆ ಇವರಿಬ್ರೂ ಒಟ್ಟಿಗೆ ಇದ್ರು. ಹಾರ್ನ್ ಆಸ್ಪತ್ರೇಲಿದ್ದ. ಹಾಗಾದ್ರೆ ಉಳಿದೋರು ಯಾರು?"

"ಯಾರೂ ಉಳಿಯಲ್ಲ. ಅದೇ ಯೋಚನೆ," ಎಂದಳು ಅಕ್ಕ. "ಗೋದಾಮಿಗೆ ಬಿಡು. ಸತ್ತ ಮನುಷ್ಯ ಅವತ್ತು ಮಾಡಿದ್ದನ್ನ ನಾವೂ ಮಾಡೋಣ."

ಹುಡುಗಿಯೇ ಕೀ ತಂದು ಟವರ್ ಆರಿಸಿದಳು. ತಂದೆ ಹೋದ ಮೇಲೆ ಅವಳು ತನ್ನ ಕುರ್ಚಿಯಲ್ಲಿ ಕೂತಿರಲಿಲ್ಲ, ಬದಲಿ ಆಳು ಕೂರುತ್ತಿದ್ದ. ಯಂತ್ರದ ಗುಂಯ್ ಸದ್ದು ನಿಂತಿತು. ತಾರಸಿಯ ಮೇಲೆ ಗಾಳಿ ಮಾತ್ರ ಉಳಿಯಿತು. ಕೈಯಲ್ಲಿ ಹಿಡಿಯುವ ಸೆಟ್ಟೊಂದನ್ನು ಅಕ್ಕ ಕಟ್ಟೆಯ ಮೇಲಿಟ್ಟಳು. ಮೂವರೂ ಕಾದರು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಕರಕರ ಎಂದು, ಒಬ್ಬ ಗಂಡಸಿನ ದನಿ: "ಇಳಿಸು... ಇನ್ನೂ ಇಳಿಸು... ಬಲಕ್ಕೆ... ಹಾಂ, ನಿಲ್ಸು."

ಹುಡುಗಿಯ ಮುಖ ಬಿಳಿಚಿಕೊಂಡಿತು. ದೂರದಲ್ಲಿ, ಮನೆಗಳ ಸಾಲಿನಾಚೆ, ಕಂಟೇನರ್ ಯಾರ್ಡಿನ ಕ್ರೇನೊಂದು ಒಂದು ಪೆಟ್ಟಿಗೆಯನ್ನು ನಿಧಾನವಾಗಿ ಕೆಳಗಿಳಿಸಿ ನಿಂತಿತು.

"ಇದು ನಮ್ಮ ಚಾನೆಲ್," ಎಂದಳು ಅವಳು. "ಇದು ನಮ್ದು. ಅಲ್ಲಿ ಹೇಗೆ..."

"ಟವರ್ ಚಾಲೂ ಇದ್ದಾಗ ಅದರ ಜೋರಿನ ಮುಂದೆ ಈ ಸಣ್ಣ ದನಿ ನಿಮಗೆ ಇಲ್ಲಿ ಕೇಳಿಸಲ್ಲ," ಎಂದಳು ಅಕ್ಕ. "ಯಾರ್ಡಿನ ಪಕ್ಕ ಹೋದ ಗಾಡಿಗೆ ಮಾತ್ರ ಅದು ನಿನ್ನ ಮಾತನ್ನ ನುಂಗುತ್ತೆ. 'ಹನ್ನೆರಡನೇ' ಅಂತ ನೀನು ಹೇಳಿದಾಗ ಅಲ್ಲಿ ಯಾರೋ 'ಇಳಿಸು' ಅಂದ. 'ಹನ್' ಅನ್ನೋದು ಹೋಯ್ತು. ಹಾರ್ನ್ ಕಿವಿಗೆ ಬಿದ್ದದ್ದು 'ಎರಡನೇ'. ನೀನೂ ಸುಳ್ಳು ಹೇಳಲಿಲ್ಲ, ಅವನೂ ಹೇಳಲಿಲ್ಲ."

ಹುಡುಗಿ ಅಲ್ಲೇ, ಬಿಸಿಲಿಗೆ ಕಾದ ನೆಲದ ಮೇಲೆ ಕೂತುಬಿಟ್ಟಳು. ಅಕ್ಕ ಆ ಕಡೆ ಹೋಗಿ ಯಾರ್ಡ್ ಮ್ಯಾನೇಜರಿಗೆ ಫೋನ್ ಮಾಡಿದಳು. ಎರಡು ಪ್ರಶ್ನೆ ಕೇಳಿದಳು, ಉತ್ತರ ಕೇಳಿಸಿಕೊಂಡಳು, ಫೋನ್ ಇಟ್ಟಳು. ತಂಗಿಗೂ ಏನೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: "ನಾಳೆ ಹನ್ನೆರಡನೇ ಅಡ್ಡರಸ್ತೆಗೆ ಹೋಗಿ ಆ ಮಗುವಿನ ತಾಯೀನ ಕರ್ಕೊಂಡು ಬಾ. ಇದು ಅವಳಿಗೂ ಗೊತ್ತಾಗಬೇಕು."

ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮಾರನೆಯ ದಿನ ತಂಗಿ ಹೋದಾಗ ಮೊದಲು ಬರಲೊಲ್ಲೆ ಎಂದಳು. "ಆ ಹುಡುಗಿ ಮುಖ ನನಗೆ ತೋರಿಸಬೇಡಿ" ಎಂದಳು. ತಂಗಿ ಒತ್ತಾಯ ಮಾಡದೆ ಇಸ್ತ್ರಿ ಮೇಜಿನ ಈಚೆ ನಿಂತೇ ಇದ್ದಳು. ಕೊನೆಗೆ ತಾಯಿ ತಾನೇ ಸ್ವಿಚ್ ಆರಿಸಿ ಚಪ್ಪಲಿ ಮೆಟ್ಟಿಕೊಂಡಳು.

ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಸೇರಿದರು: ಹುಡುಗಿ, ಚಿಕ್ಕಪ್ಪ, ಹಾರ್ನ್, ದಲ್ಲಾಳಿ, ಯಾರ್ಡ್ ಮ್ಯಾನೇಜರ್, ಬಾಗಿಲ ಬಳಿ ಇನ್ಸ್‌ಪೆಕ್ಟರ್, ಗೋಡೆಗೊರಗಿ ನಿಂತ ಮಗುವಿನ ತಾಯಿ. ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ.

"ಟವರ್ ಮಾಮ ಅವತ್ತು ಟವರ್ ಹತ್ತಲೇ ಇಲ್ಲ," ಎಂದು ಅಕ್ಕ ಶುರು ಮಾಡಿದಳು. "ಬೆಲ್ಟ್ ಗೂಟದಲ್ಲಿತ್ತು. ಮೂಗಿನ ಮೇಲಿದ್ದದ್ದು ಓದೋ ಕನ್ನಡಕ. ಏನನ್ನೋ ಹತ್ತಿರದಿಂದ ನೋಡ್ತಾ ಇದ್ರು. ಮೀಟರನ್ನ. ಮೀಟರ್ ಆಮೇಲೆ ಸಿಗಲಿಲ್ಲ. ಅಂದ್ರೆ ತೊಗೊಂಡು ಹೋದೋರು ಒಬ್ಬರು ಅಲ್ಲಿದ್ರು. ಬಿದ್ದದ್ದು ತಾರಸಿಯ ಕಟ್ಟೆಯಿಂದ." ಅವಳು ದಲ್ಲಾಳಿಯ ಕಡೆ ತಿರುಗಿದಳು. "ನೀವು ಕೇಳಿದ ಕೊನೇ ಮಾತು ಎಲ್ಲರಿಗೂ ಒಮ್ಮೆ ಹೇಳಿ."

ದಲ್ಲಾಳಿ ಹೇಳಿದ, ಅದೇ ಮಾತುಗಳಲ್ಲಿ, ತಗ್ಗಿದ ದನಿಯಲ್ಲಿ.

ಅಕ್ಕ ಒಂದು ಸೆಟ್ಟನ್ನು ಹಾರ್ನ್ ಕೈಗೆ, ಇನ್ನೊಂದನ್ನು ದಲ್ಲಾಳಿಯ ಕೈಗೆ ಕೊಟ್ಟಳು. ಮೇಲೆ ತಾರಸಿಯಲ್ಲಿ ನಿಂತಿದ್ದ ಪೇದೆಗೆ ಇನ್ಸ್‌ಪೆಕ್ಟರ್ ಫೋನಿನಲ್ಲಿ "ಆರಿಸು" ಎಂದ. "ಹಾರ್ನ್, ಈಗ ಮಾತಾಡು."

ಹಾರ್ನ್ ಗುಂಡಿ ಒತ್ತಿ, ಕೋಣೆ ನಡುಗುವಂತೆ "ಹಲೋ" ಎಂದ. ದಲ್ಲಾಳಿಯ ಕೈಯಲ್ಲಿದ್ದ ಸೆಟ್ಟು ಮಿಸುಕಲಿಲ್ಲ. ಅದರ ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು.

"ಈ ಸೆಟ್ಟುಗಳು ಫೋನಿನ ಹಾಗಲ್ಲ," ಎಂದಳು ಅಕ್ಕ. "ಮಾತಾಡೋದು ಒಂದು ಅಲೆಯಲ್ಲಿ, ಕೇಳೋದು ಟವರಿನ ಇನ್ನೊಂದು ಅಲೆಯಲ್ಲಿ; ಕ್ರೇನಿನೋರು ಆ ಟವರಿನ ಅಲೆಯಲ್ಲೇ ಮಾತಾಡ್ತಾರೆ, ಅದಕ್ಕೇ ನಿನ್ನೆ ಅವರ ದನಿ ನೇರ ಕೇಳಿಸಿತು. ಈ ಸೆಟ್ಟುಗಳಲ್ಲಿ ಮಾತ್ರ ಒಂದರ ಮಾತು ಇನ್ನೊಂದಕ್ಕೆ ನೇರ ಹೋಗಲ್ಲ. ಟವರಿಗೆ ಹೋಗಿ ಅಲ್ಲಿಂದ ಬರಬೇಕು. ಅವತ್ತು ಬೆಳಿಗ್ಗೆ ಟವರ್ ಆರಿತ್ತು. ಮತ್ತೆ ಚಾಲೂ ಆದದ್ದು ಸಾಯಂಕಾಲ, ಸತ್ತವರ ಜೇಬಿನ ಕೀಯಿಂದ. ನಡುವೆ ಯಾರ ದನಿಯೂ ಯಾವ ಸೆಟ್ಟಿಗೂ ಬರೋ ಹಾಗಿರಲಿಲ್ಲ. ಚಾನೆಲ್ ಮಾರ್ತಾ ಇಷ್ಟು ವರ್ಷ ಕಳೆದ್ರಿ. ಒಂದು ದಿನವೂ ಅದರಲ್ಲಿ ಮಾತಾಡಿರಲಿಲ್ಲ ಅಲ್ವಾ?"

ದಲ್ಲಾಳಿ ನಗಲು ನೋಡಿದ. "ಇವರೂ ಕೇಳಿದಾರೆ," ಎಂದು ಚಿಕ್ಕಪ್ಪನ ಕಡೆ ಕೈ ತೋರಿಸಿದ.

"ಇಲ್ಲ. ಅವರು ನನಗೆ ಹೇಳಿದ್ದು 'ಅಂದನಂತೆ' ಅಂತ. ತನ್ನ ಕಿವಿಯಿಂದ ಕೇಳಿದ್ರೆ 'ಅಂದ' ಅಂತಿದ್ರು. ಆ 'ಅಂತೆ' ನಿಮ್ಮ ಬಾಯಿಂದ ಬಂದದ್ದು. 'ತಮ್ಮಾ' ಅನ್ನೋದೂ ನಿಮ್ಮದೇ. ಅಣ್ಣ ಅವರನ್ನ ಯಾವತ್ತೂ ಹಾಗೆ ಕರೆದಿರಲಿಲ್ಲ. ಊಟದ ಹೊತ್ತಿನ ತನಕ ಅವರು ಬದುಕಿದ್ರು ಅಂತ ತೋರಿಸಬೇಕಾಗಿದ್ದದ್ದು ಯಾರಿಗೆ? ಅದಕ್ಕೆ ಮುಂಚೆ ಅವರನ್ನ ಕೊಂದವನಿಗೆ."

ಚಿಕ್ಕಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಕಾರಣ?" ಇನ್ಸ್‌ಪೆಕ್ಟರ್ ಕೇಳಿದ.

ಅಕ್ಕ ಯಾರ್ಡ್ ಮ್ಯಾನೇಜರಿಗೆ ಹೇಳು ಎಂಬಂತೆ ಸನ್ನೆ ಮಾಡಿದಳು. ಅವನು ಬೆವರುತ್ತಿದ್ದ. "ಕ್ರೇನಿನೋರಿಗೆ ಚಾನೆಲ್ ಬೇಕಿತ್ತು. ಈ ದಲ್ಲಾಳಿಯೋರು ಬಾಡಿಗೆಗೆ ಕೊಟ್ರು, ಖಾಲಿ ಬಿದ್ದಿದೆ ಅಂದ್ರು. ನಂಬಿದ್ವಿ. ಸಾಯೋ ಹಿಂದಿನ ದಿನ ಟವರ್ ಮಾಮ ನನಗೆ ಫೋನ್ ಮಾಡಿ, 'ನಾಳೆ ಬೆಳಿಗ್ಗೆ ಟವರ್ ಆರಿಸಿ ಕೇಳ್ತೀನಿ, ನಿಮ್ಮ ದನಿ ಬಂದ್ರೆ ದೂರು ಕೊಡ್ತೀನಿ' ಅಂದ್ರು. ಗಾಬರಿಯಾಗಿ ಇವರಿಗೆ ತಿಳಿಸ್ದೆ. ಮಾರನೇ ದಿನ ಸಾಯಂಕಾಲ ಬಂದು, 'ಎಲ್ಲ ಸರಿಯಾಯ್ತು, ಇದನ್ನ ಇಟ್ಕೊಳ್ಳಿ, ನಿಮಗೆ ಉಪಯೋಗಕ್ಕೆ ಬರುತ್ತೆ' ಅಂತ ಇದನ್ನ ಕೊಟ್ರು." ಚೀಲದಿಂದ ಮೀಟರ್ ತೆಗೆದು ಮೇಜಿನ ಮೇಲಿಟ್ಟ.

"ಅಪ್ಪಂದು," ಎಂದಳು ಹುಡುಗಿ. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಎಸೆಯೋಕೂ ಮನಸ್ಸು ಬರಲಿಲ್ಲ ನಿಮಗೆ," ಎಂದಳು ಅಕ್ಕ. "ನಿಮ್ಮದಲ್ಲದ್ದನ್ನ ಇನ್ನೊಬ್ಬರಿಗೆ ದಾಟಿಸೋದು ಅಷ್ಟು ಅಭ್ಯಾಸ ಆಗಿಬಿಟ್ಟಿದೆ."

ದಲ್ಲಾಳಿ ಸೆಟ್ಟನ್ನು ಇನ್ನೂ ಕೈಯಲ್ಲಿ ಹಿಡಿದೇ ಇದ್ದ. "ತಳ್ಳಬೇಕು ಅಂತ ಹೋಗಿರಲಿಲ್ಲ," ಎಂದ. "ಎರಡು ತಿಂಗಳು ಸುಮ್ಮನಿರಿ, ಮಾರಾಟ ಆದ್ರೆ ಎಲ್ಲ ಸರಿಹೋಗುತ್ತೆ ಅಂದೆ. ಅವರು ಆ ಮೀಟರ್ ನನ್ನ ಮುಖಕ್ಕೆ ಹಿಡಿದು, 'ಈ ಮುಳ್ಳು ನೋಡು, ಇದೇ ಆ ಮಗೂನ ಕೊಂದದ್ದು' ಅಂದ್ರು. ಕಿತ್ಕೊಳ್ಳೋಕೆ ಹೋದೆ. ಅವರು ಬಿಡಲಿಲ್ಲ. ತಳ್ದೆ. ಕಟ್ಟೆ ಅಷ್ಟು ತಗ್ಗು ಅಂತ..." ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಮ್ಯಾನೇಜರ್ ತಲೆ ತಗ್ಗಿಸಿ ಹಿಂದೆ ನಡೆದ.

ಮೇಲೆ ಪೇದೆ ಟವರ್ ಹಚ್ಚಿದನೇನೋ, ಸೆಟ್ಟುಗಳು ಒಟ್ಟಿಗೆ ಕರಕರ ಎಂದವು. ಹಾರ್ನ್ ಹುಡುಗಿಯ ಮುಂದೆ ಬಂದು ನಿಂತ, ಕೈ ಮುಗಿದು ಗೋಡೆ ಕಡೆ ತಿರುಗಿಕೊಂಡ.

ಆಗ ಮಗುವಿನ ತಾಯಿ ಮುಂದೆ ಬಂದಳು.

"ನೀನು ಹನ್ನೆರಡು ಅಂತಾನೇ ಹೇಳಿದ್ಯಾ?"

"ಹೂಂ, ಅಮ್ಮ."

"ಸೈರನ್ ಕೇಳಿಸ್ತಿತ್ತು ನನಗೆ. ಆಚೆ ರಸ್ತೇಲಿ. ಬಂದ್ರು ಬಂದ್ರು ಅಂತ ನನ್ನ ಮಗೂಗೆ ಹೇಳ್ತಾ ಇದ್ದೆ." ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ದಿನಾ ನಿನಗೆ ಶಾಪ ಹಾಕ್ತಿದ್ದೆ. ನಿಮ್ಮಪ್ಪ ಹೋದ ಸುದ್ದಿ ಕೇಳಿ, ತಟ್ಟಿತು ಅಂದ್ಕೊಂಡೆ. ಅವರು ನನ್ನ ಮಗೂಗೋಸ್ಕರ ಹೋಗಿದ್ರು ಅಂತ ಗೊತ್ತಿರಲಿಲ್ಲ."

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲಿನ ಫೋನ್ ಹೊಡೆದುಕೊಳ್ಳತೊಡಗಿತು. ಬದಲಿ ಆಳು ಹೊರಗೆ ಹೋಗಿದ್ದ. ಅವಳು ಆ ಕಡೆ ನೋಡಿದಳು, ಅಲ್ಲಾಡಲಿಲ್ಲ. ಚಿಕ್ಕಪ್ಪ ಏಳಲು ನೋಡಿದ. ಅಕ್ಕ ಕಣ್ಣಲ್ಲೇ ತಡೆದಳು. ತಂಗಿ ಗಮನಿಸಿದಳು: ಹುಡುಗಿ ಉಸಿರು ಬಿಗಿಹಿಡಿದಿದ್ದಳು.

ತಾಯಿ ಖಾಲಿ ಕುರ್ಚಿಯನ್ನು ಹಿಂದಕ್ಕೆಳೆದು, ಅವಳ ಭುಜ ಹಿಡಿದು ಕೂರಿಸಿದಳು.

"ಫೋನ್ ತೊಗೋ ಮಗಳೇ," ಎಂದಳು. "ಯಾರೋ ಮನೆ ಬಾಗಿಲಲ್ಲಿ ಗಾಡಿಗೆ ಕಾಯ್ತಾ ಇದಾರೆ."